ಅಜ್ಜಿ ಕಟ್ಟಿಸಿದ ಮನೆ

ಅರುವತ್ತು ದಾಟಿದ ಹೆಂಗಸೊಬ್ಬಳು ಹೊಸ ಮನೆಗೆ ಅಸ್ತಿಭಾರ ಹಾಕಿಸಿದರೆ ‘ಇದು ಯಾರು ಬಾಳುವುದಕ್ಕೆ?’ ಎಂದು ಕೇಳುವುದು ಲೋಕರೂಢಿ. ಇಂಗ್ಲೆಂಡಿನ ಡರ್ಬಿಷೈರ್ ಪ್ರಾಂತದಲ್ಲಿರುವ ಹಾರ್ಡ್‌ವಿಕ್ ಹಾಲ್ ಎಂಬ ಮನೆ ಈ ಪ್ರಶ್ನೆಯನ್ನು ಹೊತ್ತುಕೊಂಡೇ ನಾನೂರು ವರ್ಷಗಳಿಗೂ ಮೇಲ್ಪಟ್ಟು ಗುಡ್ಡದ ನೆತ್ತಿಯ ಮೇಲೆ ನಿಂತಿದೆ.

ಅದನ್ನು ಕಟ್ಟಿಸಿದಾಕೆ ಎಲಿಜಬೆತ್. ಜನ ಕರೆದದ್ದು ಹಾರ್ಡ್‌ವಿಕ್ಕಿನ ಬೆಸ್ ಎಂದು. ಅದೇ ನೆಲದ ಸಾಧಾರಣ ಜಮೀನುದಾರನ ಮಗಳು. ನಾಲ್ಕು ಸಲ ಮದುವೆಯಾದಳು. ಕೊನೆಯ ಮದುವೆಯಿಂದ ಶ್ರೂಸ್‌ಬರಿಯ ಅರ್ಲ್‌ನ ಮಡದಿಯಾದಳು. ಸೆರೆಯಾಳಾಗಿದ್ದ ಸ್ಕಾಟ್ಲೆಂಡಿನ ರಾಣಿ ಮೇರಿಯನ್ನು ಹದಿನೈದು ವರ್ಷ ಕಾಯುವ ಕೆಲಸ ಈ ಅರ್ಲ್‌ನ ಪಾಲಿಗೆ ಬಂದಿತ್ತು. ಆ ಖರ್ಚಿನಲ್ಲಿ, ಆ ಕಿರಿಕಿರಿಯಲ್ಲಿ, ಗಂಡಹೆಂಡಿರ ನಡುವೆ ಮನಸ್ಸು ಮುರಿಯಿತು. ತಾನೇ ಮುತುವರ್ಜಿಯಿಂದ ಕಟ್ಟಿಸಿದ್ದ ಚ್ಯಾಟ್ಸ್‌ವರ್ತ್ ಭವನವನ್ನು ಬಿಟ್ಟು ೧೫೮೪ರಲ್ಲಿ ಬೆಸ್ ತೌರುಮನೆಗೆ ಬಂದಳು.

ತೌರಿಗೆ ಬಂದ ಹೆಣ್ಣು ಮೂಲೆ ಹಿಡಿದು ಕೂರಲಿಲ್ಲ. ೧೫೮೭ರಲ್ಲಿ ಹಳೆಯ ಮನೆಯನ್ನು ಹಿಗ್ಗಿಸತೊಡಗಿದಳು. ಆ ಕೆಲಸ ಮುಗಿಯುವ ಮುನ್ನವೇ, ೧೫೯೦ರಲ್ಲಿ, ಕೂಗಳತೆಯ ದೂರದಲ್ಲಿ ಇನ್ನೊಂದು ಮನೆಗೆ ಪಾಯ ತೋಡಿಸಿದಳು. ಅದೇ ವರ್ಷದ ನವೆಂಬರಿನಲ್ಲಿ ಅರ್ಲ್ ತೀರಿಕೊಂಡ. ವಿಧವೆಯ ಪಾಲಿನ ಆಸ್ತಿ ಕೈಸೇರಿತು. ಗಾರೆಯವರಿಗೂ ಕಲ್ಲುಕುಟಿಗರಿಗೂ ಬಿಡುವಿಲ್ಲದಂತಾಯಿತು. ಕಟ್ಟಡದ ಲೆಕ್ಕದ ಪುಸ್ತಕಗಳು ಇಂದಿಗೂ ಉಳಿದಿವೆ.

ನಕ್ಷೆ ರಾಬರ್ಟ್ ಸ್ಮಿತ್‌ಸನ್ನನದೆಂಬುದು ಬಲ್ಲವರ ಅಭಿಪ್ರಾಯ. ಅಲ್ಲಿಯವರೆಗಿನ ಇಂಗ್ಲಿಷ್ ದೊಡ್ಡಮನೆಗಳಲ್ಲಿ ಹಜಾರವು ಮನೆಯ ಮುಂಭಾಗದುದ್ದಕ್ಕೂ ಅಡ್ಡಲಾಗಿ ಮಲಗಿರುತ್ತಿತ್ತು. ಬಾಗಿಲು ಅದರ ಒಂದು ತುದಿಗೆ ಬರುತ್ತಿದ್ದುದರಿಂದ ಮನೆಯ ಮುಖ ಒಂದು ಕಡೆಗೆ ವಾಲಿದಂತೆ ಕಾಣುತ್ತಿತ್ತು. ಹಾರ್ಡ್‌ವಿಕ್ಕಿನಲ್ಲಿ ಆ ಹಜಾರವನ್ನೇ ತಿರುಗಿಸಿ, ಮುಂಬಾಗಿಲಿನಿಂದ ಹಿಂಬದಿಗೆ ನೇರವಾಗಿ ಹಾಯಿಸಿದರು. ಬಾಗಿಲು ನಟ್ಟನಡುವಿಗೆ ಬಂತು. ಎಡಬಲಗಳು ಕನ್ನಡಿ ಹಿಡಿದಂತೆ ಸರಿಹೊಂದಿದವು. ಹೇಳುವುದಕ್ಕೆ ಸಣ್ಣ ಮಾತು; ಆದರೆ ಇಂಗ್ಲಿಷರ ಮನೆ ಕೋಟೆಯ ಮಗ್ಗುಲಿನಿಂದ ಎದ್ದು ಬಂದದ್ದು ಇಂಥ ಸಣ್ಣ ಮಾತುಗಳಿಂದಲೇ.

ಕಣ್ಣು ಕುಕ್ಕುವುದು ಮಾತ್ರ ಗಾಜು. ಅಂದಿನ ಕಾಲಕ್ಕೆ ಗಾಜೆಂದರೆ ಸಿರಿವಂತರ ಒಡವೆ. ಬೆಸ್‌ಗೆ ಗಾಜಿನ ಕುಲುಮೆ ತನ್ನದೇ, ಕಲ್ಲಿನ ಗಣಿಯೂ ತನ್ನದೇ. ಮೂರು ಅಂತಸ್ತು; ಮೇಲೇರಿದಂತೆಲ್ಲ ಕಿಟಕಿ ಎತ್ತರವಾಗುತ್ತದೆ. ಕೆಳಗೆ ಆಳುಕಾಳುಗಳು, ನಡುವೆ ಮನೆಯವರು, ತುತ್ತತುದಿಯಲ್ಲಿ ರಾಜಮರ್ಯಾದೆಯ ಕೋಣೆಗಳು. ಕೆಲವು ಕಿಟಕಿಗಳ ಹಿಂದೆ ಕೋಣೆಯೇ ಇಲ್ಲ, ಬರಿಯ ಗೋಡೆ. ಹೊರಗಿನ ಸಾಲು ಕೆಡದಿರಲೆಂದು ಹೂಡಿದ ಹೂಟವಷ್ಟೆ. ಚಳಿದೇಶದಲ್ಲಿ ಇಷ್ಟೊಂದು ಗಾಜಿಟ್ಟು ಮಾಘಮಾಸವನ್ನು ಹೇಗೆ ಕಳೆದರೋ! ಅಡಿಗೆಮನೆ ನೆಲದ ಮಟ್ಟದಲ್ಲಿ, ಔತಣ ಮೂರನೆಯ ಅಂತಸ್ತಿನಲ್ಲಿ. ಮನೆಯೊಳಗೆ ಸುತ್ತಿ ಸುತ್ತಿ ಏರುವ ಕಲ್ಲಿನ ಮೆಟ್ಟಿಲ ಮೇಲೆ ಪರಿವಾರದವರು ಮೆರವಣಿಗೆಯಲ್ಲಿ ತಟ್ಟೆ ಹೊತ್ತು ತರುವಷ್ಟರಲ್ಲಿ ಊಟ ಆರಿಹೋಗಿರಬೇಕು. ವೈಭವಕ್ಕೆ ಬಿಸಿಯೂಟದ ಯೋಗವಿಲ್ಲ.

ಆ ಮೇಲಿನ ಕೋಣೆಗಳು ಯಾರಿಗಾಗಿ? ರಾಣಿ ಎಲಿಜಬೆತ್ ಎಂದಾದರೂ ಬಂದಾಳೆಂಬ ಆಸೆಯಿತ್ತು. ಮೊಮ್ಮಗಳು ಆರ್ಬೆಲ್ಲ ಸ್ಟುವರ್ಟ್‌ಗೆ ಸಿಂಹಾಸನದ ಹಕ್ಕಿನ ಒಂದು ಎಳೆಯಿದ್ದುದರಿಂದ ಅದಕ್ಕಿಂತ ದೊಡ್ಡ ಆಸೆಯೂ ಇತ್ತು. ೧೫೯೭ರ ಅಕ್ಟೋಬರಿನಲ್ಲಿ ಬೆಸ್ ಹೊಸ ಮನೆ ಹೊಕ್ಕಳು. ರಾಣಿ ಬರಲೇ ಇಲ್ಲ, ೧೬೦೩ರಲ್ಲಿ ಕಾಲವಾದಳು. ಅಜ್ಜಿಯ ಕಾವಲಿನಲ್ಲಿ ಉಸಿರುಗಟ್ಟಿದ ಮೊಮ್ಮಗಳು ಜಗಳವಾಡಿ ಹೊರಬಿದ್ದಳು. ೧೬೧೫ರಲ್ಲಿ ಲಂಡನ್ ಗೋಪುರದ ಸೆರೆಯಲ್ಲಿ ಸತ್ತಳು. ಅದನ್ನು ಕಾಣಲು ಅಜ್ಜಿ ಇರಲಿಲ್ಲ, ೧೬೦೮ರಲ್ಲೇ ಕಣ್ಣುಮುಚ್ಚಿದ್ದಳು.

ಆಮೇಲೆ ಮನೆಯ ಪುಣ್ಯ ಅಲಕ್ಷ್ಯದಲ್ಲಿತ್ತು. ವಂಶದವರು ಚ್ಯಾಟ್ಸ್‌ವರ್ತನ್ನೇ ನೆಲೆ ಮಾಡಿಕೊಂಡರು. ಒಡೆದದ್ದು, ಕಟ್ಟಿದ್ದು, ಹೊಸ ಷೋಕಿಗೆ ಬದಲಿಸಿದ್ದು ಎಲ್ಲ ಅಲ್ಲಿ. ಹಾರ್ಡ್‌ವಿಕ್ ಹೆಚ್ಚು ಕೈಸೋಕದೆ ಉಳಿಯಿತು. ಪಕ್ಕದ ಹಳೆಯ ಮನೆ ಮಾತ್ರ ಪಾಳುಬಿದ್ದಿತು. ೧೯೫೦ರಲ್ಲಿ ಹತ್ತನೆಯ ಡ್ಯೂಕ್ ಮಡಿದಾಗ ಮರಣತೆರಿಗೆ ಸೇಕಡ ೮೦ರ ಮಟ್ಟದಲ್ಲಿತ್ತು. ಆ ತೆರಿಗೆಯ ಬಾಬಿಗೆ ಮನೆಯೇ ಸರ್ಕಾರಕ್ಕೆ ಸೇರಿ, ೧೯೫೯ರಲ್ಲಿ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ವಶವಾಯಿತು. ಆರು ಗೋಪುರಗಳ ನೆತ್ತಿಯಲ್ಲಿ ಎಲಿಜಬೆತ್ ಶ್ರೂಸ್‌ಬರಿ ಎಂಬ ಹೆಸರಿನ ಮೊದಲಕ್ಷರಗಳನ್ನು ಆಕೆ ಕಲ್ಲಿನಲ್ಲಿ ಕೊರೆಸಿದ್ದಳು. ಅವನ್ನು ಯಾರೂ ಇಳಿಸಲಿಲ್ಲ.

ಉದ್ದನೆಯ ಮೊಗಸಾಲೆಯಲ್ಲಿ, ಗಿಡಿಯನ್ ಎಂಬ ಬೈಬಲ್ ವೀರನ ಕಥೆಯನ್ನು ನೇಯ್ದ ಹದಿಮೂರು ಚಿತ್ರಕಂಬಳಿಗಳು ತೂಗುತ್ತವೆ. ಸರ್ ಕ್ರಿಸ್ಟಫರ್ ಹ್ಯಾಟನ್ ಮಾಡಿಸಿದ್ದವನ್ನು ಆತ ಸತ್ತ ಮೇಲೆ ಬೆಸ್ ಕೊಂಡುಕೊಂಡಳು. ಅವುಗಳ ಮೇಲೆ ಅವನ ವಂಶಲಾಂಛನವಿತ್ತು. ಅದನ್ನು ಬದಲಿಸುವ ಖರ್ಚೆಂದು ಬೆಲೆಯಲ್ಲಿ ಐದು ಪೌಂಡು ಮುರಿಸಿಕೊಂಡಳು. ಆದರೆ ಹೊಸದಾಗಿ ನೇಯಿಸಲಿಲ್ಲ. ತನ್ನ ಲಾಂಛನ ಬರೆದ ಬಟ್ಟೆಯ ತುಂಡುಗಳನ್ನು ಮೇಲೆ ಹೊಲಿಸಿದಳು. ಹ್ಯಾಟನ್ನನ ಹೆಣ್ಣುಜಿಂಕೆಗಳಿಗೆ ಕೊಂಬು ಬರೆಸಿ ತನ್ನ ಮಕ್ಕಳ ವಂಶದ ಗಂಡುಜಿಂಕೆಗಳನ್ನಾಗಿಸಿದಳು. ಆ ಕಂಬಳಿಗಳನ್ನು ಒಂದೊಂದಾಗಿ ಇಳಿಸಿ, ತೊಳೆದು, ಎಳೆ ಸೇರಿಸುವ ಕೆಲಸ ಇಪ್ಪತ್ತನಾಲ್ಕು ವರ್ಷ ನಡೆದು ೨೦೨೩ರಲ್ಲಿ ಮುಗಿಯಿತು.