ಹತ್ತನೇ ಕ್ಲಾಸಿನ ಕೈಗೆ ಯಾವ ಪುಸ್ತಕ?

ಹದಿಮೂರರಿಂದ ಹದಿನೆಂಟರ ನಡುವಿನ ಓದುಗರಿಗೆ ಪುಸ್ತಕ ಆರಿಸುವುದು ಮೇಷ್ಟ್ರು, ಗ್ರಂಥಪಾಲಕರು, ತಂದೆತಾಯಿ ಎಲ್ಲರಿಗೂ ತೊಡಕಿನ ಕೆಲಸ. ಕಾಗಕ್ಕ ಗುಬ್ಬಕ್ಕನ ಕಥೆ ಕೊಟ್ಟರೆ ಅವಮಾನವಾದಂತೆ ಮುಖ ಮಾಡುತ್ತಾರೆ. ಆರುನೂರು ಪುಟದ ಕಾದಂಬರಿ ಕೊಟ್ಟರೆ ಅದು ಟಿ.ವಿ. ಮೇಜಿನ ಮೇಲೆ ಧೂಳು ಹಿಡಿಯುತ್ತದೆ. ಇಂಗ್ಲಿಷಿನಲ್ಲಿ ಈ ವಯಸ್ಸಿಗೆಂದೇ ಬೇರೆ ಕಪಾಟು ಇದೆ. ಅಮೆರಿಕದ ಎಸ್.ಇ. ಹಿಂಟನ್ ತಾನೇ ಹದಿಹರೆಯದಲ್ಲಿದ್ದಾಗ ಬರೆದ ‘ದಿ ಔಟ್‌ಸೈಡರ್ಸ್’ 1967ರಲ್ಲಿ ಬಂದ ಮೇಲೆ ಆ ಕಪಾಟು ತುಂಬುತ್ತಾ ಹೋಯಿತು. ಕನ್ನಡದಲ್ಲಿ ಮಕ್ಕಳ ಸಾಹಿತ್ಯ ಒಂದು ಕಡೆ, ದೊಡ್ಡವರ ಸಾಹಿತ್ಯ ಇನ್ನೊಂದು ಕಡೆ. ನಡುವಿನವರಿಗೆ ಎರಡೂ ಕಡೆಯಿಂದ ಹೆಕ್ಕಿ ತರಬೇಕು. ಹಾಗಾಗಿ ಹೆಕ್ಕುವವರ ಜಾಣ್ಮೆಗೆ ಇಲ್ಲಿ ಕೆಲಸ ಜಾಸ್ತಿ.

ಈ ಕೆಲಸದ ಕಷ್ಟವನ್ನು ಪೂರ್ತಿಯಾಗಿ ನೋಡಬೇಕೆಂದರೆ ಕೋಲಾರ ಚಿನ್ನದ ಗಣಿ (ಕೆ.ಜಿ.ಎಫ್.) ಪ್ರದೇಶ ಮತ್ತು ಬಂಗಾರಪೇಟೆಯ ಕಡೆ ನೋಡಬೇಕು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಕೈಹಾಕಿದ ಮೇಲೆ ಉತ್ತರ ಆರ್ಕಾಟು, ಚಿತ್ತೂರು ಕಡೆಯ ಕೂಲಿಗಳು ತಂಡತಂಡವಾಗಿ ಬಂದು ಗಣಿಯ ಲೈನ್ ಮನೆಗಳಲ್ಲಿ ನೆಲೆಸಿದರು. ಅವರ ಮೊಮ್ಮಕ್ಕಳ ಮಕ್ಕಳಿಗೆ ಇವತ್ತು ಮನೆಯಲ್ಲಿ ತಮಿಳು ಅಥವಾ ತೆಲುಗು, ಪೇಟೆಯಲ್ಲಿ ಕನ್ನಡ, ಪಕ್ಕದ ಬೀದಿಯಲ್ಲಿ ಉರ್ದು, ಶಾಲೆಯ ಪುಸ್ತಕದಲ್ಲಿ ಇಂಗ್ಲಿಷ್. ಬಂಗಾರಪೇಟೆಯ ಸುತ್ತಿನ ಹಳ್ಳಿಗಳಲ್ಲಿ ತೆಲುಗು ಮಾತಾಡಿ ಕನ್ನಡದಲ್ಲಿ ಬರೆಯುವ ಮಕ್ಕಳು ಎಷ್ಟೋ. ಹೀಗಿರುವಾಗ ‘ಹದಿನಾಲ್ಕು ವರ್ಷದವರಿಗೆ’ ಎಂದು ಪುಸ್ತಕದ ಬೆನ್ನ ಮೇಲೆ ಅಚ್ಚಾದ ಮಾತಿನಿಂದ ಏನೂ ತಿಳಿಯುವುದಿಲ್ಲ. ಒಂದೇ ಬೆಂಚಿನ ಮೂವರು ಹುಡುಗಿಯರಲ್ಲಿ ಒಬ್ಬಳು ಕನ್ನಡ ಕಾದಂಬರಿಯನ್ನು ಎರಡು ದಿನಕ್ಕೆ ಮುಗಿಸಬಲ್ಲಳು, ಇನ್ನೊಬ್ಬಳು ದಿನಪತ್ರಿಕೆಯ ತಲೆಬರಹದಲ್ಲೇ ನಿಲ್ಲುತ್ತಾಳೆ, ಮೂರನೆಯವಳು ಇಂಗ್ಲಿಷ್ ಮಾತ್ರ ಓದಿ ತಮಿಳಿನಲ್ಲಿ ಹರಟುತ್ತಾಳೆ. ಮೂವರಿಗೂ ಬುದ್ಧಿ ಒಂದೇ ಸಮ. ವಯಸ್ಸಿನ ಲೆಕ್ಕ ಬಿಟ್ಟು ಓದುಗರನ್ನು ನೋಡಿ ಆರಿಸಬೇಕು ಎಂಬ ಪಾಠವನ್ನು ಈ ಊರು ಬೇರೆ ಊರುಗಳಿಗಿಂತ ಬೇಗ ಕಲಿಸುತ್ತದೆ.

ಮೊದಲು ನೋಡಬೇಕಾದ್ದು ಭಾಷೆ. ಯಾವ ಭಾಷೆಯಲ್ಲಿ ಓದಿಸಬೇಕು ಎಂಬ ಹಿರಿಯರ ಹಟಕ್ಕಿಂತ, ಯಾವ ಭಾಷೆಯಲ್ಲಿ ಈ ಹುಡುಗನಿಗೆ ನಗು ಬರುತ್ತದೆ ಎಂಬ ಪ್ರಶ್ನೆ ದೊಡ್ಡದು. ಕನ್ನಡ ಭಾಷಾ ಕಲಿಕೆ ಅಧಿನಿಯಮ 2015ರಲ್ಲಿ ಬಂದ ಮೇಲೆ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು 1ನೇ ತರಗತಿಯಿಂದ ಹಂತ ಹಂತವಾಗಿ ಕಡ್ಡಾಯ ಮಾಡಲಾಗಿದೆ. ಅಕ್ಷರ ಬರುತ್ತದೆ, ಅಂಕವೂ ಬರುತ್ತದೆ. ಆದರೆ ಪಾಠದ ಕನ್ನಡದಿಂದ ಕಥೆಯ ಕನ್ನಡಕ್ಕೆ ದಾಟುವಾಗ ಎಡವುವುದು ಇದ್ದದ್ದೇ. ಪುಸ್ತಕ ಕೊಡುವ ಮೊದಲು ನಡುವಿನ ಒಂದು ಪುಟ ತೆಗೆದು ಗಟ್ಟಿಯಾಗಿ ಓದಿಸಿದರೆ ಬೇಕಾದ್ದೆಲ್ಲ ಗೊತ್ತಾಗುತ್ತದೆ. ಒತ್ತಕ್ಷರದಲ್ಲಿ ನಾಲಗೆ ತೊಡರಿದರೆ ಚಿಂತೆಯಿಲ್ಲ. ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಸಾಲಿನ ಮೊದಲು ಮರೆತುಹೋಗುತ್ತಿದ್ದರೆ ಪುಸ್ತಕ ಭಾರವಾಯಿತು ಎಂದು ಅರ್ಥ. ಪುಟ ಮುಗಿದ ಮೇಲೆ ಹೇಳದೆಯೇ ಹಾಳೆ ತಿರುವಿದರೆ ಆಯ್ಕೆ ಸರಿಯಾಗಿದೆ.

ಎರಡನೆಯದು ಬಿಡುವು. ಎಸ್ಸೆಸ್ಸೆಲ್ಸಿ, ಪಿಯುಸಿ, ಟ್ಯೂಷನ್‌ಗಳ ನಡುವೆ ಓದುವ ಹೊತ್ತು ಎಲ್ಲಿ ಸಿಗುತ್ತದೆ ಎಂದು ನೋಡಿ ಅದಕ್ಕೆ ತಕ್ಕ ಅಳತೆಯ ಪುಸ್ತಕ ಕೊಡಬೇಕು. ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ರಂದು ಬಾಗಿಲು ಹಾಕಿದ ಮೇಲೆ ಈ ಪ್ರದೇಶದ ದುಡಿಮೆ ರೈಲು ಹತ್ತಿತು. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್‌ಗಳಲ್ಲಿ ಹತ್ತಿದ ಜನ ಬಂಗಾರಪೇಟೆ ಹಾಯ್ದು ಬೆಂಗಳೂರಿಗೆ ಹೋಗಿ ರಾತ್ರಿ ವಾಪಸಾಗುತ್ತಾರೆ. ಅವರ ಜೊತೆ ಕಾಲೇಜಿನ ಮಕ್ಕಳೂ ಇರುತ್ತಾರೆ. ಒಂದು ಕೈಯಲ್ಲಿ ಹಿಡಿಕೆ, ಒಂದು ಕೈಯಲ್ಲಿ ಫೋನು ಎಂಬ ಆ ಪ್ರಯಾಣದಲ್ಲಿ ಫೋನಿನ ಜಾಗಕ್ಕೆ ಬರಬೇಕಾದರೆ ಪುಸ್ತಕ ತೆಳ್ಳಗಿರಬೇಕು, ಅಕ್ಷರ ದಪ್ಪಗಿರಬೇಕು, ಟೇಕಲ್‌ನಲ್ಲಿ ಶುರುವಾದ ಕಥೆ ವೈಟ್‌ಫೀಲ್ಡ್ ಬರುವಷ್ಟರಲ್ಲಿ ಮುಗಿಯಬೇಕು. ಸಣ್ಣ ಕಥೆಗಳ ಸಂಕಲನಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ದೊಡ್ಡ ಕಾದಂಬರಿ ಬೇಸಿಗೆ ರಜೆಗೆ ಇರಲಿ.

ಮೂರನೆಯದು ವಸ್ತು. ಅಮೆರಿಕದ ವಿದ್ವಾಂಸೆ ರುಡೀನ್ ಸಿಮ್ಸ್ ಬಿಷಪ್ 1990ರಲ್ಲಿ ಪುಸ್ತಕಗಳನ್ನು ಕನ್ನಡಿಗೂ ಕಿಟಕಿಗೂ ಹೋಲಿಸಿದರು: ಕೆಲವು ಓದುಗರಿಗೆ ತಮ್ಮ ಮುಖವನ್ನೇ ತೋರಿಸುತ್ತವೆ, ಕೆಲವು ಬೇರೆಯವರ ಬದುಕನ್ನು ತೋರಿಸುತ್ತವೆ. ಎರಡೂ ಬೇಕು. ಗಣಿಯೂರಿನ ಮಕ್ಕಳಿಗೆ ಎರಡನೆಯದು ಧಾರಾಳ, ಮೊದಲನೆಯದು ಕಮ್ಮಿ. ಕೆ.ಜಿ.ಎಫ್. ಎಂದರೆ ನಾಡಿಗೆ ಈಗ 2018ರ ಮತ್ತು 2022ರ ಸಿನಿಮಾಗಳು. ತಾತ ಕೆಳಗಿಳಿದ ಶಾಫ್ಟು, ಮನೆ ಹಿಂದಿನ ಸೈನೈಡ್ ದಿಬ್ಬ, ಬಂಡೆ ಸಿಡಿದು ಸತ್ತವರ ಹೆಸರು ಆ ಕಥೆಯೊಳಗೆ ಬರುವುದಿಲ್ಲ. ಸಿನಿಮಾದ ಹುಚ್ಚು ಇರುವ ಹುಡುಗನನ್ನು ಬೈಯುವ ಬದಲು ಅದರ ಜಾಡು ಹಿಡಿದೇ ಊರಿನ ಚರಿತ್ರೆಗೆ ಕರೆತರಬಹುದು. ಚಾಂಪಿಯನ್ ರೀಫ್ ಗಣಿ ನೆಲದಡಿ 3 ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅದಕ್ಕೆ ಬೇಕಾದ ವಿದ್ಯುತ್ತು 1902ರಲ್ಲಿ ಶಿವನಸಮುದ್ರದಿಂದ ಬಂತು. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್ಹ್ಯಾಂ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳನ್ನು ಇದೇ ಗಣಿಯ ಆಳದಲ್ಲಿ ಗುರುತಿಸಿದರು. ಭೌತಶಾಸ್ತ್ರ ಎಂದರೆ ಮೂಗು ಮುರಿಯುವ ಹುಡುಗಿಯೂ ತನ್ನ ಓಣಿಯ ಕೆಳಗೆ ಇದೆಲ್ಲ ನಡೆದಿದೆ ಎಂದರೆ ಕಿವಿಗೊಡುತ್ತಾಳೆ. ವಿಜ್ಞಾನದ ಪುಸ್ತಕ ಕೈಗಿಡಲು ಅದೇ ಸಮಯ.

ಈ ಊರಿನ ಓದಿಗೆ ಹಳೆಯ ಬೇರೂ ಇದೆ. ಅಯೋತಿ ದಾಸ ಪಂಡಿತರು 1907ರಲ್ಲಿ ಮದರಾಸಿನಲ್ಲಿ ಶುರುಮಾಡಿದ ‘ಒರು ಪೈಸಾ ತಮಿಳನ್’ ವಾರಪತ್ರಿಕೆಗೆ ಗಣಿ ಕಾರ್ಮಿಕರ ನಡುವೆ ಓದುಗರಿದ್ದರು. 1914ರಲ್ಲಿ ಪಂಡಿತರು ತೀರಿಕೊಂಡ ಮೇಲೆ ಅವರ ಬರಹಗಳನ್ನು ಪುಸ್ತಕವಾಗಿ ಹೊರತಂದದ್ದು ಚಾಂಪಿಯನ್ ರೀಫ್‌ನ ಸಿದ್ಧಾರ್ಥ ಮುದ್ರಣಾಲಯ. ಮೈಮುರಿಯುವ ಪಾಳಿ ಮುಗಿಸಿದ ಜನ ತಮ್ಮದೇ ಅಚ್ಚುಕೂಟ ಇಟ್ಟುಕೊಂಡು ಜಾತಿಯ ಬಗ್ಗೆ, ಬುದ್ಧನ ಬಗ್ಗೆ ಓದಿ ವಾದ ಮಾಡುತ್ತಿದ್ದರು. ‘ಇಲ್ಲಿಯ ಮಕ್ಕಳಿಗೆ ಇಷ್ಟು ಸಾಕು’ ಎಂದು ಸುಲಭದ ಪುಸ್ತಕ ಮಾತ್ರ ಎತ್ತಿಡುವವರು ಈ ಚರಿತ್ರೆಯನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಕನ್ನಡದಲ್ಲಿ ಈ ವಯಸ್ಸಿಗೆ ಹೊಂದುವ ಪುಸ್ತಕಗಳು ದೊಡ್ಡವರ ಕಪಾಟಿನಲ್ಲೇ ಬೇಕಾದಷ್ಟಿವೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಮೊದಲ ಸಾಲಿನದು. ಹಾರುವ ಓತಿಯನ್ನು ಹುಡುಕಿ ಕಾಡು ಹೊಕ್ಕವರ ಕಥೆ ಅದು. ವಿಜ್ಞಾನಿಯ ಪಕ್ಕದಲ್ಲಿ ಮಂದಣ್ಣನಂಥ ಹಳ್ಳಿ ಯುವಕ ಸರಿಸಮನಾಗಿ ನಿಲ್ಲುತ್ತಾನೆ. ಮಾರ್ಕಿನಲ್ಲಿ ಹಿಂದೆ ಬಿದ್ದು, ಕೈಕೆಲಸದಲ್ಲಿ ಮುಂದಿರುವ ಮಕ್ಕಳಿಗೆ ಮಂದಣ್ಣ ಬೇಗ ಹತ್ತಿರವಾಗುತ್ತಾನೆ. ದೊಡ್ಡ ಕಾದಂಬರಿಗೆ ಹೆದರುವವರಿಗೆ ಅದೇ ಲೇಖಕರ ‘ಪರಿಸರದ ಕಥೆ’ ಇದೆ. ಬಿಡಿ ಬಿಡಿಯಾಗಿ ಓದಬಹುದು. ನೆರೆಯ ಮಾಲೂರು ತಾಲೂಕಿನಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರರ ಸಣ್ಣ ಕಥೆಗಳು ರೈಲಿನ ಓದಿಗೆ ಹೇಳಿ ಮಾಡಿಸಿದವು. ‘ರಂಗನ ಮದುವೆ’ಯ ಇಂಗ್ಲಿಷ್ ಅನುವಾದ ಎನ್‌ಸಿಇಆರ್‌ಟಿಯ 11ನೇ ತರಗತಿಯ ಉಪಪಠ್ಯದಲ್ಲೂ ಸೇರಿತ್ತು. ಅನುವಾದಗಳಲ್ಲಿ ಜಪಾನಿನ ‘ತೊತ್ತೋಚಾನ್’ ಹದಿಮೂರರ ಆಸುಪಾಸಿನವರಿಗೆ ಒಗ್ಗುತ್ತದೆ. ಹದಿಮೂರು ತುಂಬಿದ ದಿನ ಉಡುಗೊರೆಯಾಗಿ ಸಿಕ್ಕ ಪುಸ್ತಕದಲ್ಲಿ ಡೈರಿ ಬರೆಯತೊಡಗಿದ ಆನ್ ಫ್ರಾಂಕ್ ಈ ಓದುಗರ ಓರಗೆಯವಳೇ.

ಇನ್ನು ಹಿರಿಯರು ತಡವರಿಸುವ ಜಾಗ: ಪ್ರೇಮ, ಸಾವು, ಕುಡಿತ, ಜಾತಿ. ಇವು ಮಕ್ಕಳಿಗೆ ಬೇಡ ಎನ್ನುವವರು ಮಕ್ಕಳು ಇವುಗಳ ನಡುವೆಯೇ ಬೆಳೆಯುತ್ತಿದ್ದಾರೆ ಎಂಬುದನ್ನು ಮರೆತಿರುತ್ತಾರೆ. ಕೇಳಬೇಕಾದ ಪ್ರಶ್ನೆ ಬೇರೆ. ಪುಸ್ತಕ ನೋವನ್ನು ತೋರಿಸಿ ಯೋಚನೆಗೆ ಹಚ್ಚುತ್ತದೆಯೋ, ಇಲ್ಲ ನೋವನ್ನು ತಮಾಷೆ ಮಾಡುತ್ತದೆಯೋ? ಶಿವರಾಮ ಕಾರಂತರ ‘ಚೋಮನ ದುಡಿ’ ಸಣ್ಣ ಕಾದಂಬರಿ, ಆದರೆ ಸಲೀಸಾದ ಓದಲ್ಲ. ಉಳುವ ನೆಲ ಬೇಕೆಂದ ಚೋಮನ ಆಸೆ ಈಡೇರದೆ ಕಥೆ ಮುಗಿಯುತ್ತದೆ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಬಾಲವಿಧವೆಯೊಬ್ಬಳ ಜೀವನ. ಸಿದ್ದಲಿಂಗಯ್ಯನವರ ‘ಊರು ಕೇರಿ’ ಅವಮಾನದ ಸಂಗತಿಗಳನ್ನೂ ನಗೆಯಿಂದ ಹೇಳುತ್ತದೆ. ಹದಿನಾರರ ಓದುಗರು ನಕ್ಕು, ಆಮೇಲೆ ಯಾಕೆ ನಕ್ಕೆವು ಎಂದು ಕೇಳಿಕೊಳ್ಳುತ್ತಾರೆ. ನಿರಪಾಯ ಎಂದುಕೊಂಡ ಪುಸ್ತಕದಲ್ಲೂ ಮಾತಿಗೆ ಎಡೆ ಇರುತ್ತದೆ. ‘ರಂಗನ ಮದುವೆ’ಯ ವಧುವಿಗೆ ಹನ್ನೊಂದೇ ವರ್ಷ, ಇವತ್ತಿನ ಹೈಸ್ಕೂಲು ಹುಡುಗಿ ಅಲ್ಲಿ ತಡೆದು ಪ್ರಶ್ನೆ ಹಾಕುತ್ತಾಳೆ, ಹಾಕಲೂ ಬೇಕು. ಇಂಥ ಪುಸ್ತಕ ಕೊಡುವವರು ತಾವು ಮೊದಲು ಓದಿರಬೇಕು, ಓದಿದ ಮೇಲೆ ಮಾತಿಗೆ ಸಿಗಬೇಕು. ಅಷ್ಟು ಸಾಲದಿದ್ದರೆ ಪುಸ್ತಕವನ್ನು ಒಂದೆರಡು ವರ್ಷ ಮುಂದಕ್ಕೆ ಹಾಕಬಹುದು. ಬಚ್ಚಿಡುವುದು ಮಾತ್ರ ವ್ಯರ್ಥ. ಬಚ್ಚಿಟ್ಟ ಪುಸ್ತಕಕ್ಕೆ ಓದುಗರು ಬೇಗ ಸಿಗುತ್ತಾರೆ.

ಆರಿಸುವಲ್ಲಿ ಆಗುವ ಸಾಮಾನ್ಯ ತಪ್ಪೆಂದರೆ ಕೊಡುವವರ ಗೌರವಕ್ಕೆ ತಕ್ಕ ಪುಸ್ತಕ ಕೊಡುವುದು. ಶಾಲೆಯ ವಾರ್ಷಿಕೋತ್ಸವದಲ್ಲಿ ಬಹುಮಾನವಾಗಿ ‘ಮಂಕುತಿಮ್ಮನ ಕಗ್ಗ’ ಪಡೆದ ಮಕ್ಕಳು ಲೆಕ್ಕವಿಲ್ಲ. ಮುಳಬಾಗಿಲಿನ ಡಿ.ವಿ. ಗುಂಡಪ್ಪನವರ ಕೃತಿ ಎಂಬ ಜಿಲ್ಲೆಯ ಅಭಿಮಾನವೂ ಅದರಲ್ಲಿ ಸೇರಿರುತ್ತದೆ. ಕಗ್ಗ ದೊಡ್ಡ ಕೃತಿ. ಓಟದ ಪಂದ್ಯ ಗೆದ್ದು ಬೆವರು ಒರೆಸಿಕೊಳ್ಳುತ್ತಿರುವ ಒಂಬತ್ತನೇ ಕ್ಲಾಸಿನ ಹುಡುಗನಿಗೆ ಅದರ ಹೊತ್ತು ಇನ್ನೂ ಬಂದಿಲ್ಲ. ಅವನಿಗೆ ಆಟಗಾರನೊಬ್ಬನ ಜೀವನಚರಿತ್ರೆ ಕೊಟ್ಟರೆ ಅವತ್ತೇ ರಾತ್ರಿ ಓದುತ್ತಾನೆ.

ಪುಸ್ತಕ ಎಲ್ಲಿಂದ ತರುವುದು ಎಂಬುದೂ ಆಯ್ಕೆಯ ಭಾಗವೇ. ಕೊಂಡು ಓದುವ ಶಕ್ತಿ ಎಲ್ಲ ಮನೆಗಳಿಗೂ ಇಲ್ಲ. ಸಾರ್ವಜನಿಕ ಗ್ರಂಥಾಲಯ ಅಧಿನಿಯಮ 1965ರಲ್ಲಿ ಬಂದ ಮೇಲೆ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನೂ ಜನ ಕಟ್ಟುತ್ತಿದ್ದಾರೆ. ಆ ದುಡ್ಡಿನ ಪುಸ್ತಕ ಕೇಳಿ ಪಡೆಯುವುದು ಹಕ್ಕು. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಶಾಲಾ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಸಿಗುತ್ತದೆ. ಫೋನಿನಲ್ಲೇ ಓದುವವರಿಗೆ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್‌ನಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಎಲ್ಲವೂ ಇವೆ. ಅಲ್ಲಿನ ಹೆಚ್ಚಿನ ಪುಸ್ತಕ ಚಿಕ್ಕ ಮಕ್ಕಳವು. ಆದರೆ ಒಂದೇ ಕಥೆ ಎರಡು ಭಾಷೆಯಲ್ಲಿ ಸಿಗುವುದರಿಂದ ಕನ್ನಡ ಓದು ಈಗಷ್ಟೇ ಕೂಡಿಬರುತ್ತಿರುವವರಿಗೆ ಅವು ಉಪಯೋಗಕ್ಕೆ ಬರುತ್ತವೆ.

ಕೊನೆಗೆ, ತೀರ್ಮಾನ ಯಾರದು ಎಂಬ ಪ್ರಶ್ನೆ. ಬೆಂಗಳೂರಿನಲ್ಲಿ ನೆಲೆಸಿದ್ದ ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳಲ್ಲಿ ಎರಡು ಇದಕ್ಕೆ ಸಂಬಂಧಿಸಿದವು: ಪ್ರತಿ ಓದುಗನಿಗೂ ಅವನದೇ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರದೇ ಓದುಗ ಸಿಗಬೇಕು. ಹಿರಿಯರು ಒಂದೇ ಪುಸ್ತಕ ತಂದು ಓದು ಎಂದರೆ ಅದು ಹೋಂವರ್ಕ್ ಆಗುತ್ತದೆ. ನಾಲ್ಕೈದು ತಂದು ಮುಂದಿಟ್ಟು, ಒಂದನ್ನು ಎತ್ತಿಕೊಳ್ಳುವ ಹಕ್ಕನ್ನೂ ಇಪ್ಪತ್ತು ಪುಟಕ್ಕೆ ಬೇಡವೆನಿಸಿದರೆ ಬಿಟ್ಟುಬಿಡುವ ಹಕ್ಕನ್ನೂ ಮಕ್ಕಳಿಗೆ ಕೊಟ್ಟರೆ ಅದು ಓದು. ಬಿಟ್ಟ ಪುಸ್ತಕವೂ ಸುಳಿವು ಕೊಡುತ್ತದೆ: ಭಾಷೆ ಭಾರವಾಯಿತೋ, ವಸ್ತು ದೂರವಾಯಿತೋ, ಹೊತ್ತು ಸಾಲದೆ ಹೋಯಿತೋ ಎಂದು ಕೇಳಿ ತಿಳಿದರೆ ಮುಂದಿನ ಸಲ ಆರಿಸುವುದು ಹಗುರವಾಗುತ್ತದೆ. ಹೀಗೆ ಮೂರು ನಾಲ್ಕು ಸಲ ನಡೆದ ಮೇಲೆ ಆರಿಸುವ ಕೆಲಸವನ್ನು ಮಕ್ಕಳೇ ವಹಿಸಿಕೊಳ್ಳುತ್ತಾರೆ. ಹಿರಿಯರಿಗೆ ಉಳಿಯುವುದು ಕೇಳಿದ ಪುಸ್ತಕವನ್ನು ಒದಗಿಸುವ ಕೆಲಸ.