ಬಿರುಕು ತೋರಿಸುವವನ ಪಿಟೀಲು

ಪಿಟೀಲಿನ ಒಳಗೆ ಅಂಟಿಸಿದ ಚೀಟಿಯನ್ನು ನಾನು ಕೊನೆಗೆ ಓದುತ್ತೇನೆ. ಇಂಟರ್‌ನೆಟ್ಟಿನಲ್ಲಿ ಹರಾಜಿಗೆ ಬಂದ ವಾದ್ಯವೆಂದರೆ ಎಲ್ಲರ ಕಣ್ಣೂ ಮೊದಲು ಅಲ್ಲಿಗೇ ಹೋಗುತ್ತದೆ. ಎಫ್ ಆಕಾರದ ರಂಧ್ರದೊಳಗೆ ಟಾರ್ಚ್ ಬಿಟ್ಟು ತೆಗೆದ ಫೋಟೊ, ಕಂದಿದ ಕಾಗದ, ಅದರ ಮೇಲೆ ಹೆಸರಾಂತ ಪಿಟೀಲು ತಯಾರಕ ಅಂತೋನಿಯೊ ಸ್ಟ್ರಾಡಿವರಿಯ ಲ್ಯಾಟಿನ್ ಹೆಸರು, ಕ್ರೆಮೋನಾ ಊರು, 17ರಿಂದ ಶುರುವಾಗುವ ಇಸವಿ. ಇಂಥ ಚೀಟಿಯ ಪಿಟೀಲುಗಳು ನಮ್ಮ ಮೈಸೂರು, ಬೆಂಗಳೂರಿನ ಸಂಗೀತದ ಮನೆಗಳಲ್ಲೂ ಇವೆ. ತಾತನ ಕಾಲದ್ದು ಎಂದು ಸುತ್ತಿಟ್ಟ ಬಟ್ಟೆ ಬಿಚ್ಚಿ ಅಕ್ಕರೆಯಿಂದ ತೋರಿಸುತ್ತಾರೆ. ಅದರಲ್ಲಿ ಯಾರ ತಪ್ಪೂ ಇಲ್ಲ. 19ನೇ ಶತಮಾನದ ಕೊನೆಯ ಹೊತ್ತಿಗೆ ಜರ್ಮನಿಯ ಮಾರ್ಕ್‌ನಾಯ್‌ಕಿರ್ಖೆನ್, ಮಿಟ್ಟೆನ್‌ವಾಲ್ಡ್, ಫ್ರಾನ್ಸಿನ ಮಿರ್‌ಕೂರ್ ಊರುಗಳಲ್ಲಿ ಪಿಟೀಲುಗಳು ಸಾವಿರಗಟ್ಟಲೆ ತಯಾರಾಗುತ್ತಿದ್ದವು. ಯಾರ ಮಾದರಿಯ ಮೇಲೆ ಕೆಲಸ ಮಾಡಿದ್ದೇವೆ ಎಂದು ತಿಳಿಸಲು ಆ ಹೆಸರಿನ ಚೀಟಿ ಹಾಕುತ್ತಿದ್ದರು. ಮೋಸ ಹುಟ್ಟುವುದು ಅದೇ ಚೀಟಿಯನ್ನು ಇವತ್ತು ಯಾರೋ ಜನ್ಮಪತ್ರಿಕೆ ಎಂದು ಮಾರಲು ಕೂತಾಗ.

ಆದರೂ ಚೀಟಿ ಒಂದು ಸುಳಿವು ಕೊಡುತ್ತದೆ. 1890ರಲ್ಲಿ ಅಮೆರಿಕ ಹೊಸ ಸುಂಕದ ಕಾನೂನು ತಂದು, ಹೊರಗಿನಿಂದ ಬರುವ ಸರಕಿನ ಮೇಲೆ ತಯಾರಾದ ದೇಶದ ಹೆಸರು ಇಂಗ್ಲಿಷಿನಲ್ಲಿ ಇರಲೇಬೇಕು ಎಂದಿತು. ಹಾಗಾಗಿ ಸ್ಟ್ರಾಡಿವರಿಯ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಜರ್ಮನಿ ಎಂದು ಅಚ್ಚಾದ ಪಿಟೀಲುಗಳು ಬೇಕಾದಷ್ಟಿವೆ. ಫೋಟೊದಲ್ಲಿ ಚೀಟಿಯ ಮೇಲ್ಭಾಗ ನಿಚ್ಚಳವಾಗಿದ್ದು ಕೆಳಅಂಚು ಮಾತ್ರ ಕತ್ತರಿಸಿ ಹೋಗಿದ್ದರೆ ನಾನು ಅಲ್ಲೇ ನಿಲ್ಲುತ್ತೇನೆ.

ಸ್ಟ್ರಾಡಿವರಿ 1737ರಲ್ಲಿ ತೀರಿಕೊಂಡ. ಅವನ ಕೈಯ ವಾದ್ಯಗಳಲ್ಲಿ ಉಳಿದಿರುವುದು ಸುಮಾರು 650. ಬಹುಪಾಲು ಎಲ್ಲಿವೆ, ಯಾರ ಕೈ ದಾಟಿ ಬಂದಿವೆ ಎಂಬುದಕ್ಕೆ ದಾಖಲೆಯಿದೆ, ಫೋಟೊಗಳಿವೆ. ಅವು ಇಂಟರ್‌ನೆಟ್ಟಿನಲ್ಲಿ ಮಾರಾಟಕ್ಕೆ ಬರುವುದೇ ಇಲ್ಲ ಎನ್ನುವಂತಿಲ್ಲ: 1721ರ ‘ಲೇಡಿ ಬ್ಲಂಟ್’ 2011ರಲ್ಲಿ ಟರೀಸಿಯೊ ಸಂಸ್ಥೆಯ ಆನ್‌ಲೈನ್ ಹರಾಜಿನಲ್ಲೇ 1.59 ಕೋಟಿ ಡಾಲರಿಗೆ ಹೋಯಿತು. ಅಟ್ಟದ ಮೇಲೆ ಸಿಕ್ಕಿತು, ನನಗೆ ಇದರ ಬಗ್ಗೆ ಏನೂ ಗೊತ್ತಿಲ್ಲ, ಬೇಗ ಹೋದರೆ ಸಾಕು ಎನ್ನುವ ಮಾರಾಟಗಾರನ ಬಳಿ ಮಾತ್ರ ಅಂಥದ್ದು ಇರುವುದಿಲ್ಲ.

ನನಗೆ ನಿಜವಾದ ಸುಖ ಸಿಗುವುದು ಪಿಟೀಲಿನ ಕತ್ತಿನಲ್ಲಿ. 18ನೇ ಶತಮಾನದ ಪಿಟೀಲುಗಳ ಕತ್ತು ಇವತ್ತಿನದಕ್ಕಿಂತ ಗಿಡ್ಡ. ಸಭೆಗಳು ದೊಡ್ಡವಾಗಿ, ಶ್ರುತಿ ಏರಿ, ತಂತಿಯ ಬಿಗಿತ ಹೆಚ್ಚಿದಾಗ ಆ ಕತ್ತುಗಳನ್ನು ತೆಗೆದು ಉದ್ದನೆಯವನ್ನು ಜೋಡಿಸಿದರು. ಆದರೆ ತಲೆಯ ಸುರುಳಿಯನ್ನು ಮಾಡಿದವನ ಕೈಕೆಲಸವೆಂದು ಹಾಗೇ ಉಳಿಸಿಕೊಂಡರು. ಹೊಸ ಕತ್ತಿನ ಮರವನ್ನು ಹಳೆಯ ಬಿರಡೆ ಪೆಟ್ಟಿಗೆಗೆ ಕೂಡಿಸಿದ ಕಡೆ ಒಂದು ನವಿರಾದ ಗೆರೆ ಕಾಣುತ್ತದೆ. ಗೆರೆಯ ಆಚೆ ಈಚೆ ಮೇಪಲ್ ಮರದ ಎಳೆಗಳ ದಿಕ್ಕು ಬೇರೆ, ಬಣ್ಣದ ವಯಸ್ಸು ಬೇರೆ. 1740ರದು ಎನ್ನುವ ಪಿಟೀಲಿನಲ್ಲಿ ಈ ಬೆಸುಗೆ ಇಲ್ಲದಿದ್ದರೆ ಅದಕ್ಕೊಂದು ಕಾರಣ ಕೇಳಬೇಕು. ಕಾರ್ಖಾನೆಯವರಿಗೂ ಇದು ಗೊತ್ತಿತ್ತು. ಕೆಲವರು ಅಲ್ಲಿ ಬರೀ ಗೆರೆ ಕೊರೆದು ಬಿಟ್ಟಿದ್ದಾರೆ. ಫೋಟೊವನ್ನು ಹಿಗ್ಗಿಸುತ್ತಾ ಹೋದಾಗ ಮರದ ಒಂದೇ ಎಳೆ ಆ ಗೆರೆಯನ್ನು ಲೆಕ್ಕಿಸದೆ ಈ ಕಡೆಯಿಂದ ಆ ಕಡೆಗೆ ಹರಿದು ಹೋಗಿರುವುದು ಕಂಡರೆ, ಆ ಕ್ಷಣದ ಸಂತೋಷವೇ ಬೇರೆ. ಅಂಚಿನ ಕಸೆಯನ್ನೂ ಹೀಗೇ ನೋಡುತ್ತೇನೆ. ಒಳ್ಳೆಯ ಪಿಟೀಲಿನಲ್ಲಿ ಅದು ಕಪ್ಪು, ಬಿಳಿ, ಕಪ್ಪು ಮೂರು ಮರದ ಎಳೆಗಳನ್ನು ಕೊರೆದ ಕಾಲುವೆಯೊಳಗೆ ಕೂರಿಸಿದ್ದು. ತೀರಾ ಅಗ್ಗದ್ದರಲ್ಲಿ ಶಾಯಿಯಲ್ಲಿ ಎಳೆದದ್ದು.

ಆಮೇಲೆ ಸವೆತ. ಹಳೆಯ ಮನೆಯ ಹೊಸ್ತಿಲಿನಂತೆ ಪಿಟೀಲೂ ಮನುಷ್ಯ ತಾಗುವ ಕಡೆಯೇ ಸವೆಯುತ್ತದೆ. ಪಾಶ್ಚಾತ್ಯ ವಾದಕರ ವಾದ್ಯದಲ್ಲಿ ಗಲ್ಲದ ಜಾಗ, ಮೇಲಿನ ಸ್ವರಗಳಿಗೆ ಎಡಗೈ ಹತ್ತುವಾಗ ಒರಗುವ ಭುಜದ ಅಂಚು, ಇಲ್ಲೆಲ್ಲ ವಾರ್ನಿಶ್ ಹೋಗಿರುತ್ತದೆ. ನಕಲಿ ಮುಪ್ಪಿನಲ್ಲಿ ಎಡಕ್ಕೂ ಬಲಕ್ಕೂ ಸಮನಾಗಿ, ಯಾವ ಕೈಯೂ ಮುಟ್ಟದ ಕಡೆಯೂ ಬಣ್ಣ ತಿಳಿಯಾಗಿರುತ್ತದೆ. ನಮ್ಮವರು ನೆಲದ ಮೇಲೆ ಕೂತು ಪಿಟೀಲಿನ ತಲೆಯನ್ನು ಬಲಪಾದದ ಮೇಲೆ ಊರಿ ನುಡಿಸುತ್ತಾರೆ. ಆದ್ದರಿಂದ ಇಲ್ಲಿಯ ಹಳೆಯ ವಾದ್ಯಗಳಲ್ಲಿ ಸುರುಳಿ ಸವೆದಿರುತ್ತದೆ, ಗಲ್ಲದ ಜಾಗ ಹೊಳೆಯುತ್ತಿರುತ್ತದೆ. ಲಂಡನ್ನಿನ ಹರಾಜಿನಲ್ಲಿ ಅಂಥ ಸುರುಳಿ ಕಂಡಾಗ ಇದು ಯಾರದೋ ವರ್ಣ, ಕೃತಿಗಳನ್ನು ನುಡಿದು ಬಂದಿದೆ ಅನಿಸಿ, ಬೇಕಿಲ್ಲದಿದ್ದರೂ ಬಹಳ ಹೊತ್ತು ನೋಡುತ್ತೇನೆ.

ಗಿಟಾರಿನ ಜನರ ಕಣ್ಣು ಇನ್ನೂ ಚುರುಕು. ಗಿಬ್ಸನ್ ಲೆಸ್ ಪಾಲ್‌ನ ತಲೆಯ ಮೇಲಿನ ಪುಟ್ಟ ಮುಚ್ಚಳಕ್ಕೆ ಎರಡು ತಿರುಪು ಇರಬೇಕು, ಮೂರಿದ್ದರೆ ನಕಲು ಎಂದು ಅವರು ದೂರದಿಂದಲೇ ಹೇಳಿಬಿಡುತ್ತಾರೆ. 1958ರಿಂದ 1960ರವರೆಗಿನ ಸನ್‌ಬರ್ಸ್ಟ್ ಬಣ್ಣದವುಗಳಿಗೆ ಲಕ್ಷಾಂತರ ಡಾಲರ್ ಬೆಲೆ. ಅದಕ್ಕೇ ಅವರಿಗೆ ಅಷ್ಟು ಎಚ್ಚರ.

ಪ್ರಮಾಣಪತ್ರಗಳ ವಿಷಯ ಹೆಚ್ಚು ಸೂಕ್ಷ್ಮ. ಲಂಡನ್ನಿನ ಡಬ್ಲ್ಯು. ಇ. ಹಿಲ್ ಆಂಡ್ ಸನ್ಸ್ ಕೊಟ್ಟ ಹಳೆಯ ಪತ್ರಕ್ಕೆ ಇವತ್ತೂ ಮರ್ಯಾದೆಯಿದೆ. ಆದರೆ ಪತ್ರ ಅಸಲಿಯಾಗಿದ್ದು ಪಿಟೀಲು ಬೇರೆಯದಾಗಿರಬಹುದು. ಪತ್ರದ ಫೋಟೊದಲ್ಲಿ ಬೆನ್ನಿನ ಹಲಗೆಯ ಮೇಲೆ ಜ್ವಾಲೆಯಂಥ ಪಟ್ಟೆಗಳು ಎಡದಿಂದ ಬಲಕ್ಕೆ ಇಳಿಯುತ್ತಿದ್ದರೆ ಹರಾಜಿನ ಫೋಟೊದಲ್ಲೂ ಹಾಗೇ ಇಳಿಯಬೇಕು, ಸಣ್ಣ ಗಂಟೊಂದು ಇದ್ದರೆ ಅದೇ ಜಾಗದಲ್ಲಿ ಸಿಗಬೇಕು. ಪತ್ರಕ್ಕಿರುವ ಬೆಲೆ ಸಹಿ ಮಾಡಿದವನ ಪ್ರಾಮಾಣಿಕತೆಯಷ್ಟೇ: ಜಗತ್ತೇ ನಂಬಿದ್ದ ವಿಯೆನ್ನಾದ ವ್ಯಾಪಾರಿ ಡೀಟ್ಮಾರ್ ಮಾಖೋಲ್ಡ್‌ಗೆ 2012ರಲ್ಲಿ ಅಲ್ಲಿಯ ನ್ಯಾಯಾಲಯ ವಂಚನೆಗಾಗಿ ಜೈಲುಶಿಕ್ಷೆ ಕೊಟ್ಟಿತು. ಮುಂಭಾಗದ ಸ್ಪ್ರೂಸ್ ಹಲಗೆಗೆ ಮಾತ್ರ ಯಾರ ಸಹಿಯೂ ಬೇಡ. ಅದರ ಉಂಗುರಗಳನ್ನು ಅಳೆದರೆ ಆ ಪಿಟೀಲು ಯಾವ ಇಸವಿಗಿಂತ ಮೊದಲು ಹುಟ್ಟಿರಲು ಸಾಧ್ಯವಿಲ್ಲ ಎಂಬುದು ತಿಳಿಯುತ್ತದೆ. ಆಕ್ಸ್‌ಫರ್ಡಿನ ಆಶ್ಮೋಲಿಯನ್ ಮ್ಯೂಸಿಯಮ್ಮಿನಲ್ಲಿರುವ 1716ರ ಸ್ಟ್ರಾಡಿವರಿ ಪಿಟೀಲು ‘ಮೆಸ್ಸೈಯಾ’ ಅಸಲಿಯೇ ಎಂಬ ಅನುಮಾನ ಎದ್ದಾಗ ಜನ ಮೊರೆಹೋದದ್ದು ಈ ಉಂಗುರಗಳನ್ನೇ.

ಹಣದ ವಿಷಯದಲ್ಲಿ ವಂಚಕರ ಮಾತು ಎಲ್ಲ ಕಡೆ ಒಂದೇ. ತಾಣದ ಹೊರಗೆ ವ್ಯವಹಾರ ಮಾಡೋಣ, ಇವತ್ತೇ ಹಣವನ್ನು ನೇರವಾಗಿ ನನ್ನ ಖಾತೆಗೆ ಕಳಿಸಿ, ನಾನು ಪರದೇಶದಲ್ಲಿದ್ದೇನೆ. ಇದನ್ನು ಪತ್ತೆಹಚ್ಚಲು ಸಂಗೀತ ಗೊತ್ತಿರಬೇಕಾಗಿಲ್ಲ.

ಅಮೆರಿಕದಲ್ಲಿರುವ ನನ್ನ ತಮ್ಮನ ಮಗಳು ಒಳ್ಳೆಯ ಪಿಟೀಲಿನ ಹುಡುಕಾಟದಲ್ಲಿದ್ದಾಗ ಕಂಡದ್ದನ್ನೆಲ್ಲ ನನಗೆ ಕಳಿಸುತ್ತಿದ್ದಳು. ಒಂದು ಪಿಟೀಲು ಎಷ್ಟು ಚೆಂದವಿತ್ತೆಂದರೆ ಅವಳು ಆಗಲೇ ಮನಸ್ಸು ಕೊಟ್ಟಿದ್ದಳು. “ಮೂರು ಫೋಟೊದಲ್ಲಿ ಹಸಿರು ಮಖಮಲ್ಲು, ನಾಲ್ಕನೆಯದರಲ್ಲಿ ಮರದ ಮೇಜು. ತಂತಿಯ ಕೆಳಗಿನ ಕುದುರೆಯೂ ಬೇರೆ, ನೋಡು ಪುಟ್ಟಿ” ಎಂದೆ. ಅವಳೇ ಆ ಚಿತ್ರಗಳನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿದಳು. ಬೇರೊಂದು ದೇಶದಲ್ಲಿ ಯಾವಾಗಲೋ ಮುಗಿದುಹೋದ ಹರಾಜಿನಿಂದ ಎತ್ತಿಕೊಂಡಿದ್ದರು. ಇನ್ನೊಂದನ್ನು ಅವಳು ಅನುಮಾನಿಸುತ್ತಲೇ ಕಳಿಸಿದಳು.

“ಇವರು ಮೊದಲ ಫೋಟೊದಲ್ಲೇ ಬಿರುಕು ತೋರಿಸಿದ್ದಾರಲ್ಲ ದೊಡ್ಡಪ್ಪ, ಯಾರು ತಗೋತಾರೆ?”

ನನಗೆ ಆ ಮಾರಾಟಗಾರನ ಮೇಲೆ ಗೌರವ ಹುಟ್ಟಿತು. ಮುಂಭಾಗದಲ್ಲಿ, ಎಫ್ ರಂಧ್ರದ ಕೆಳಗಿನಿಂದ ಇಳಿದ ಬಿರುಕು; ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದ ಚಿತ್ರ. ಚೀಟಿ ಪೂರ್ತಿ ಕಾಣುತ್ತಿತ್ತು, ಕೆಳಗಿನ ಜರ್ಮನಿಯೂ ಸೇರಿ. ಕದ್ದ ಚಿತ್ರಗಳಿಂದ ಮಾರುವವನಿಗೆ ವಾದ್ಯದ ನೋವುಗಳು ಗೊತ್ತಿರುವುದಿಲ್ಲ. ಎದುರಿಗಿಟ್ಟುಕೊಂಡು ಬದುಕಿದವನಿಗೆ ಮೊದಲು ನೆನಪಾಗುವುದೇ ಅವು. ರಿಪೇರಿ ಯಾರು ಮಾಡಿದ್ದು, ಒಳಗೆ ಏನು ಹಚ್ಚಿದ್ದಾರೆ ಕೇಳು ಎಂದೆ. ಮರುದಿನವೇ ರಿಪೇರಿ ಮಾಡಿದವರ ಬಿಲ್ ಬಂತು. ಬಿರುಕನ್ನು ಸರೇಸಿನಿಂದ ಕೂಡಿಸಿ ಒಳಗಿನಿಂದ ಸಣ್ಣ ಮರದ ಬಿಲ್ಲೆಗಳ ಆಸರೆ ಕೊಟ್ಟದ್ದು ಅದರಲ್ಲಿ ಬರೆದಿತ್ತು. ಸರೇಸಾದರೆ ಮುಂದೆ ಬೇಕೆಂದಾಗ ತೇವ, ಬಿಸಿ ತಾಗಿಸಿ ಬಿಚ್ಚಬಹುದು. ಹಣವನ್ನು ತಾಣದ ಮೂಲಕವೇ ಕಟ್ಟು, ಕೈಗೆ ಬಂದ ಕೂಡಲೇ ಅಲ್ಲಿಯ ಪಿಟೀಲು ಮಾಡುವವರೊಬ್ಬರಿಗೆ ತೋರಿಸು ಎಂದು ಹೇಳಿ ಅವಳಿಗೆ ಒಪ್ಪಿಗೆ ಕೊಟ್ಟೆ.