ಬಾಯಿ ಮುಚ್ಚಿದ ಗೀಸರ್

ನೀರು ತುಂಬುವ ಹಬ್ಬದ ಮರುದಿನ, ಇನ್ನೂ ಬೆಳಕು ಹರಿದಿರಲಿಲ್ಲ. ಹಿಂಡ್ಲೆ ಬಳ್ಳಿ ಸುತ್ತಿದ ಹಂಡೆಯ ಕೆಳಗೆ ಅಡಿಕೆ ಸಿಪ್ಪೆ ಧಗಧಗ ಉರಿಯುತ್ತಿತ್ತು. ಮೈಗೆ ಎಣ್ಣೆ ಹಚ್ಚಿಕೊಂಡು ಬಚ್ಚಲ ಒಲೆಯ ಮುಂದೆ ಕೂತಿದ್ದ ತಂಗಿಯ ಮಗಳು ಮಾತಿನ ನಡುವೆ ಹೇಳಿದಳು: “ಬೆಂಗಳೂರಲ್ಲಿ ನಮ್ಮ ರೂಮಿನ ಗೀಸರ್ ತೊಟ್ಟಿಕ್ಕತ್ತೆ ಮಾವ. ಓನರ್ ಆಂಟಿ ಪ್ಲಂಬರ್ ಕರೆಸಿ ಅದರ ಬಾಯಿ ಮುಚ್ಚಿಸ್ತಾರಂತೆ.”

ಒಲೆಗೆ ತಳ್ಳುತ್ತಿದ್ದ ಕುಂಟೆ ನನ್ನ ಕೈಯಲ್ಲೇ ಉಳಿಯಿತು.

“ಪುಟ್ಟೀ, ನೀನು ಹುಟ್ಟಿ 11ನೇ ದಿನ ಏನಾಯ್ತು ಗೊತ್ತಾ?” ಎಂದೆ. ಅವಳಿಗೆ ಯಾರೂ ಹೇಳಿರಲಿಲ್ಲ.

ಅದು 2006ರ ಜನವರಿ. ತಂಗಿಯ ಹೆರಿಗೆ ಬೆಂಗಳೂರಿನಲ್ಲೇ ಆಗಿ, ಬಾಣಂತನಕ್ಕೆಂದು ಅಮ್ಮ ಊರಿಂದ ಬಂದು ವಿಜಯನಗರದ ನನ್ನ ಬಾಡಿಗೆ ಮನೆಯಲ್ಲಿದ್ದಳು. ಬಾಣಂತಿ ಸ್ನಾನವೆಂದರೆ ಅಮ್ಮನಿಗೆ ಹಂಡೆಗಟ್ಟಲೆ ನೀರು ಬೇಕು. ನಮ್ಮಲ್ಲಿದ್ದದ್ದು 25 ಲೀಟರಿನ ಗೀಸರ್, ಅದಕ್ಕೆ ಬರುತ್ತಿದ್ದದ್ದು ಬೋರ್‌ವೆಲ್ಲಿನ ಗಡಸು ನೀರು. ಕೆಲವು ತಿಂಗಳ ಹಿಂದೆ ಅದರ ಸೇಫ್ಟಿ ವಾಲ್ವ್ ಹಗಲೂ ರಾತ್ರಿ ತೊಟ್ಟಿಕ್ಕಲು ಶುರುವಾಗಿತ್ತು. ಬಂದ ಪ್ಲಂಬರ್ ಅದರ ಬಾಯಿಗೆ ಒಂದು ಎಂಡ್ ಪ್ಲಗ್ ತಿರುಗಿಸಿ ಹೋದ. ನೆಲ ಒಣಗಿತಲ್ಲ ಎಂದು ನಾನೂ ಸಮಾಧಾನಪಟ್ಟೆ. ನೆನೆದರೆ ಇವತ್ತಿಗೂ ಎದೆ ಹಿಂಡುತ್ತದೆ.

ಪುಣ್ಯಾಹದ ಬೆಳಗ್ಗೆ ನಾಲ್ಕಕ್ಕೇ ಸ್ವಿಚ್ ಹಾಕಿದ್ದೆವು. ಪುರೋಹಿತರು, ನೆಂಟರು, ಅಡುಗೆ ಎಂಬ ಗಡಿಬಿಡಿಯಲ್ಲಿ ಆರಿಸುವುದು ಯಾರಿಗೂ ನೆನಪಾಗಲಿಲ್ಲ. ಆರೂವರೆಗೆ ಅಮ್ಮ ಮಗುವನ್ನು ಎರೆಯಲು ಬಚ್ಚಲಿಗೆ ಹೋದವಳು ಬಾಗಿಲಲ್ಲೇ ನಿಂತಳು. “ಇದು ಗುಂಯ್ ಅಂತಿದ್ಯಲ್ಲೋ. ಹಂಡೆ ನೀರು ಕುದಿ ಬರೋ ಮುಂಚೆ ಹೀಗೇ ಅನ್ನತ್ತೆ.” ಮಗುವನ್ನು ನನ್ನ ಕೈಗಿಟ್ಟು ನಲ್ಲಿಯನ್ನು ಎಳೆಯಷ್ಟು ತಿರುಗಿಸಿದಳು. ಬಂದದ್ದು ನೀರಲ್ಲ, ಹಬೆ. ಬುಸುಗುಡುತ್ತಾ ಎದುರಿನ ಗೋಡೆಗೆ ರಾಚಿತು. ತಕ್ಷಣ ಮುಚ್ಚಿ ತಣ್ಣೀರಿನ ನಲ್ಲಿ ಬಿಟ್ಟರೆ ಅದರಲ್ಲೂ ಸುಡುವ ನೀರು!

ಕೆಳಮನೆಯಲ್ಲಿ ಮಂಡ್ಯ ಕಡೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ನೋಡಿಕೊಂಡು ನಿವೃತ್ತರಾದ ಹಿರಿಯರೊಬ್ಬರಿದ್ದರು. ನಾವೆಲ್ಲ ಅವರನ್ನು ಯಜಮಾನರು ಎನ್ನುತ್ತಿದ್ದೆವು. ಓಡಿಹೋಗಿ ಕರೆದೆ. ಬಂದವರು ಗೀಸರನ್ನು ದೂರದಿಂದಲೇ ನೋಡಿ, “ಯಾವ ನಲ್ಲೀನೂ ಮುಟ್ಬ್ಯಾಡಿ. ಮೈನ್‌ನಲ್ಲೇ ಕರೆಂಟ್ ತೆಗೀರಿ, ಬಾಗ್ಲು ಹಾಕ್ಕೊಂಡು ಎಲ್ಲಾ ಆಚೆ ಬನ್ನಿ” ಎಂದರು. ತಣ್ಣೀರು ಸುರಿದರೆ ಬೇಗ ಆರೀತೇನೋ ಎಂದು ಯಾರೋ ಅಂದಾಗ ಗದರಿದರು. ಅಂದು ಕೂಸಿಗೆ ಅಡುಗೆಮನೆಯ ಸ್ಟವ್ ಮೇಲೆ ಕಾಯಿಸಿದ ನೀರಿನಲ್ಲೇ ಸ್ನಾನವಾಯಿತು.

ರಾತ್ರಿ ಟ್ಯಾಂಕ್ ಪೂರ್ತಿ ತಣ್ಣಗಾದ ಮೇಲೆ ಯಜಮಾನರು ಸ್ಪ್ಯಾನರ್ ಹಿಡಿದು ಬಂದರು. ಮೇಲಿನಿಂದ ಬರುವ ನೀರು ನಿಲ್ಲಿಸಿ, ಗೀಸರ್ ಖಾಲಿ ಮಾಡಿ, ವಾಲ್ವ್ ಬಿಚ್ಚಿ ನನ್ನ ಅಂಗೈಮೇಲಿಟ್ಟರು. ಒಳಗೆ ಸುಣ್ಣ ಕಲ್ಲಿನಂತೆ ಕಟ್ಟಿತ್ತು. ಸಣ್ಣ ಹಿಡಿಕೆಯನ್ನು ಎಷ್ಟು ಎತ್ತಿದರೂ ಅಲುಗಲಿಲ್ಲ.

ಅವರು ಹೇಳಿದ್ದನ್ನು ಅವತ್ತಿನಿಂದ ಮರೆತಿಲ್ಲ. ನೀರು ಕಾದರೆ ಹಿಗ್ಗುತ್ತದೆ. 25 ಲೀಟರು 70 ಡಿಗ್ರಿಗೆ ಕಾಯುವಷ್ಟರಲ್ಲಿ ಹೆಚ್ಚುಕಡಿಮೆ ಅರ್ಧ ಲೀಟರಿನಷ್ಟು ಹಿಗ್ಗುತ್ತದೆ. ಹಂಡೆಯ ಬಾಯಿ ತೆರೆದಿರುವುದರಿಂದ ಅದಕ್ಕೆ ಚಿಂತೆಯಿಲ್ಲ. ಗೀಸರ್ ಮುಚ್ಚಿದ ಪಾತ್ರೆ, ವಾಲ್ವ್ ಬಿಟ್ಟರೆ ಅದಕ್ಕೆ ಬೇರೆ ದಾರಿಯಿಲ್ಲ. ನಮ್ಮ ವಾಲ್ವಿನ ಮೇಲೆ 8 ಬಾರ್ ಎಂದು ಕೊರೆದಿತ್ತು. ಒತ್ತಡ ಅಷ್ಟಾದಾಗ ಸ್ಪ್ರಿಂಗ್ ಸರಿದು ನೀರು ಹೊರಬರಬೇಕು. ಅದೇ ಒತ್ತಡದಲ್ಲಿ ಸಿಕ್ಕಿಕೊಂಡ ನೀರು 170 ಡಿಗ್ರಿಯಾದರೂ ಕುದಿಯುವುದಿಲ್ಲ. ಟ್ಯಾಂಕ್ ಒಡೆದು ಒತ್ತಡ ಒಮ್ಮೆಲೇ ಇಳಿಯಿತೆಂದರೆ ಆ ನೀರಿನ ಒಂದು ಪಾಲು ಕಣ್ಣೆವೆಯಿಕ್ಕುವಷ್ಟರಲ್ಲಿ ಹಬೆಯಾಗುತ್ತದೆ. ಹಬೆಗೆ ನೀರಿಗಿಂತ 1,600 ಪಟ್ಟು ಜಾಗ ಬೇಕು. ಗೋಡೆಗಳು ಉರುಳುವುದು ಆಗಲೇ.

“ಹಂಗಾದ್ರೆ ನಮ್ಮದು ಯಾಕೆ ಸಿಡೀಲಿಲ್ಲ?” ಅಂದೆ.

ನೀರು ಕಾದೊಡನೆ ಕರೆಂಟ್ ನಿಲ್ಲಿಸಬೇಕಾದ ನಮ್ಮ ಥರ್ಮೋಸ್ಟ್ಯಾಟ್ ಕಚ್ಚಿಕೊಂಡಿತ್ತು. ಅದು ಕೈಕೊಟ್ಟರೆ ಕರೆಂಟ್ ಕಡಿಯಲು ಕಾವಲಿಗಿದ್ದ ಕಟ್‌ಔಟನ್ನು ಹಿಂದೆ ಯಾರೋ ರಿಪೇರಿಯವರು ಪದೇಪದೇ ಬೀಳುತ್ತದೆಂದು ತಂತಿ ಎಳೆದು ನೇರ ಮಾಡಿದ್ದರು. ಸೇಫ್ಟಿ ವಾಲ್ವಿನ ಬಾಯಿ ಮುಚ್ಚಿತ್ತು. ಉಳಿದದ್ದು ಒಂದೇ. ಅದೇ ವಾಲ್ವಿನೊಳಗೆ ಬಿಸಿನೀರು ವಾಪಸ್ಸು ಹೋಗದಂತೆ ತಡೆಯುವ ಪುಟ್ಟ ಬಾಗಿಲಿರುತ್ತದೆ. ಸುಣ್ಣ ಕಟ್ಟಿ ಅದೂ ಪೂರ್ತಿ ಮುಚ್ಚದಾಗಿತ್ತು. ಆ ಸಂದಿನಿಂದ ಒತ್ತಡ ತಣ್ಣೀರಿನ ಪೈಪಿನೊಳಗೆ, ಮೇಲಿನ ಟ್ಯಾಂಕಿನ ಕಡೆಗೆ ನುಗ್ಗಿ ಹೋಗಿತ್ತು. ತಣ್ಣೀರಿನ ನಲ್ಲಿಯಲ್ಲಿ ಸುಡುವ ನೀರು ಬಂದದ್ದು ಅದಕ್ಕೇ. “ಆ ಬಾಗ್ಲು ಸರಿಯಾಗಿದ್ದಿದ್ರೆ ಕಥೆ ಬ್ಯಾರೆ ಆಗ್ತಿತ್ತು ಕಣಪ್ಪ” ಎಂದು ಯಜಮಾನರು ಬಹಳ ಹೊತ್ತು ಸುಮ್ಮನೆ ಕೂತರು.

ಮಾರನೆಯ ದಿನ ಅಷ್ಟೇ ಬಾರಿನ ಹೊಸ ವಾಲ್ವ್ ತರಿಸಿ, ಥರ್ಮೋಸ್ಟ್ಯಾಟ್ ಮತ್ತು ಕಟ್‌ಔಟ್ ಎರಡನ್ನೂ ಬದಲಿಸಿದರು. ಹಳೆಯ ವಾಲ್ವನ್ನು ಬಿಚ್ಚಿ ಸ್ಪ್ರಿಂಗ್ ಸರಿಮಾಡಲು ಅವರು ಒಪ್ಪಲೇ ಇಲ್ಲ. ಮೈಮೇಲಿನ ಬಾಣದ ಗುರುತು ಗೀಸರಿನ ಕಡೆ ತಿರುಗಿರಬೇಕು, ಗೀಸರಿಗೂ ವಾಲ್ವಿಗೂ ನಡುವೆ ಇನ್ನೊಂದು ನಲ್ಲಿ ಬರಕೂಡದು ಎನ್ನುತ್ತಾ ತಿರುಪಿಗೆ ಟೆಫ್ಲಾನ್ ಟೇಪ್ ಸುತ್ತಿ ಕೂರಿಸಿದರು. ವಾಲ್ವಿನ ಬಾಯಿಗೆ ಸಿಕ್ಕಿಸಿದ ಕೊಳವೆಯನ್ನು ಇಳಿಜಾರಾಗಿ, ತುದಿ ತೆರೆದು, ಕಣ್ಣಿಗೆ ಬೀಳುವಂತೆ ಮೂಲೆಗೆ ಬಿಟ್ಟರು. ಬಿಸಿನೀರಿನ ನಲ್ಲಿಯಲ್ಲಿ ಧಾರೆ ಸರಿಯಾಗಿ ಬಂದ ಮೇಲೆಯೇ ಕರೆಂಟ್ ಕೊಟ್ಟರು. ತಿಂಗಳಿಗೊಮ್ಮೆ, ನೀರು ತಣ್ಣಗಿರುವಾಗ, ಹಿಡಿಕೆ ಎತ್ತಿ ನೀರು ಹಾರುವುದನ್ನು ನೋಡಬೇಕೆಂದು ನನ್ನ ಕೈಯಿಂದಲೇ ಎತ್ತಿಸಿದರು.

“ನಮ್ಮ ಕಾರ್ಖಾನೆ ಬಾಯ್ಲರ್‌ಗೆ 1923ರಿಂದ ಕಾಯ್ದೆ ಐತೆ, ನೋಡಕ್ಕೆ ಇನ್‌ಸ್ಪೆಕ್ಟರ್ ಬತ್ತಾರೆ. ಬಚ್ಚಲಮನೇದಕ್ಕೆ ನೀನೇ ಇನ್‌ಸ್ಪೆಕ್ಟರ್” ಅಂದರು. ದುಡ್ಡು ಮುಟ್ಟಲಿಲ್ಲ. ಅಮ್ಮ ಕೊಟ್ಟ ಪುಣ್ಯಾಹದ ಹೋಳಿಗೆಯನ್ನಷ್ಟೇ ಕಟ್ಟಿಸಿಕೊಂಡು ಹೋದರು.

ಹಂಡೆಯ ನೀರು ಗುಂಯ್‌ಗುಡಲು ಶುರುವಾಗಿತ್ತು. ಸೊಸೆ ಅದನ್ನೇ ಕೇಳುತ್ತಾ ಕೂತಿದ್ದಳು.

“ನಿಮ್ಮದು ಸ್ವಿಚ್ ಹಾಕಿದಾಗ ಮಾತ್ರ ತೊಟ್ಟಿಕ್ಕತ್ತೋ, ಇಡೀ ದಿನವೋ?” ಕೇಳಿದೆ. “ಕಾಯುವಾಗ ಮಾತ್ರ ಆದರೆ ವಾಲ್ವ್ ತನ್ನ ಕೆಲಸ ಮಾಡ್ತಿದೆ. ತಣ್ಣಗಿದ್ದಾಗಲೂ ನಿಲ್ಲದಿದ್ದರೆ ಬದಲಿಸಬೇಕು.”

“ನೋಡಿಲ್ಲ ಮಾವ” ಎಂದವಳು ಎಣ್ಣೆ ಕೈ ಒರೆಸಿಕೊಂಡು ಎದ್ದಳು. “ಆರು ಗಂಟೆಗೆ ರೂಮ್‌ಮೇಟ್ ಏಳ್ತಾಳೆ. ಫೋನ್ ಎಲ್ಲಿಟ್ಟೆ ನಾನು?”